ಪಿಸಕ್ಕ ಹೇಳಿಕೊಡದ ಒಂದು ಮಾತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸ್ಟುಡಿಯೋ ಎಂದು ಕರೆಸಿಕೊಳ್ಳುವ ತಗಡಿನ ಗೋದಾಮಿನೊಳಗೆ ಒಂದು ಆಸ್ಪತ್ರೆಯ ಕಾರಿಡಾರು ನಿಂತಿದೆ. ಪ್ಲೈವುಡ್ಡಿನ ಗೋಡೆ, ತೆರೆದರೆ ಎಲ್ಲಿಗೂ ಹೋಗದ ಬಾಗಿಲು, ಅದರ ನೆತ್ತಿಯ ಮೇಲೆ ಕೆಂಪು ದೀಪ. ಕ್ಯಾಮೆರಾ ಸ್ಟ್ಯಾಂಡಿನ ಪಕ್ಕದಲ್ಲಿ ಬೋರಲು ಹಾಕಿದ ಬಣ್ಣದ ಡಬ್ಬದ ಮೇಲೆ ಕೂತ ಹೆಂಗಸೊಬ್ಬರು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಿದ್ದಾರೆ. ಗಂಟಲು ಕಾಯಿಸಿಕೊಳ್ಳುವುದು ಅಂದರೆ ಇದೇ. ಲೈಟಿನವರು ಬಂದಿಲ್ಲ, ಮೇಕಪ್ಪಿನವರು ಬಂದಿಲ್ಲ, ವಾಚ್‌ಮನ್ ಆಕಳಿಸುತ್ತಲೇ ಗೇಟು ತೆಗೆದಿದ್ದಾನೆ. ಈಚೆಗೆ ದಿನವೂ ಎಲ್ಲರಿಗಿಂತ ಮೊದಲು ಬರುವವರು ಇವರೇ. "ಡ್ಯೂಟಿ ಅಂದ್ರೆ ಅಕ್ಕಂದು" ಎಂದು ಡೈರೆಕ್ಟರು ಎಲ್ಲರೆದುರು ಹೊಗಳುತ್ತಾರೆ. ಅಕ್ಕ ತಲೆತಗ್ಗಿಸಿ ಹಾಳೆ ಜೋಡಿಸುತ್ತಾರೆ. ಬೇಗ ಬರುವ ಕಾರಣ ಬೇರೆ ಇದೆ, ಅದನ್ನು ಅವರು ಅಲ್ಲಿ ಯಾರಿಗೂ ಹೇಳಿಲ್ಲ.

ಸೆಟ್ಟಿನಲ್ಲಿ ಇವರ ಹೆಸರು ಪಿಸಕ್ಕ. ಪಿಸುಗುಟ್ಟುವ ಅಕ್ಕ ಅನ್ನುವುದು ಸವೆದು ಸವೆದು ಪಿಸಕ್ಕ ಆಗಿದೆ. ಮಧ್ಯಾಹ್ನ ಊಟ ಮುಗಿಸಿ ಕಾಲು ಚಾಚಿ ನೀವು ನೋಡುವ ಧಾರಾವಾಹಿಯಲ್ಲಿ ಯಾರೂ ಮಾತು ಬಾಯಿಪಾಠ ಮಾಡಿರುವುದಿಲ್ಲ. ದಿನಕ್ಕೊಂದು ಕಂತು ಮುಗಿಸಬೇಕಾದ ಕಡೆ ಪಾಠಕ್ಕೆ ಪುರುಸೊತ್ತಾದರೂ ಎಲ್ಲಿದೆ? ಬರೆಯುವವರು ಬೆಳಿಗ್ಗೆ ಬರೆದದ್ದು ಹತ್ತು ಗಂಟೆಗೆ ಹಾಳೆಯಾಗಿ ಬರುತ್ತದೆ, ಪಿಸಕ್ಕ ಕ್ಯಾಮೆರಾದ ಬುಡದಲ್ಲಿ ಕೂತು ಒಂದೊಂದೇ ಸಾಲು ಮೆಲ್ಲಗೆ ಓದುತ್ತಾರೆ, ಎದುರಿಗೆ ನಿಂತವರು ಅದನ್ನೇ ಕಣ್ಣರಳಿಸಿ, ಕಣ್ಣೀರು ಹಾಕಿ ಒಪ್ಪಿಸುತ್ತಾರೆ. ಅತ್ತಿಗೆಯ ಶಾಪವೂ ಮೊದಲು ಇವರ ಬಾಯಲ್ಲಿ, ನಾದಿನಿಯ ಅಳುವೂ ಇವರ ಬಾಯಲ್ಲಿ. ಒಂದೇ ಗಂಟಲಲ್ಲಿ ಜಗಳ ಹಚ್ಚಿ, ಅದೇ ಗಂಟಲಲ್ಲಿ ರಾಜಿಯನ್ನೂ ಮಾಡಿಸಬೇಕು.

"ನಾವು ಭಾವ ಬೆರೆಸಬಾರ್ದು" ಅನ್ನುತ್ತಾರೆ ಪಿಸಕ್ಕ. "ಸಪ್ಪಗೆ ಹೇಳ್ಬೇಕು. ಉಪ್ಪು ಖಾರ ಅವರವರೇ ಹಾಕ್ಕೋತಾರೆ. ಒಂದೇ ಒಂದು ಕಾನೂನು ಅಂದ್ರೆ ನಡುವೆ ಖಾಲಿ ಬಿಡಬಾರ್ದು. ಅವರು ನಿಂತ್ಕೊಂಡು ನನ್ನ ಕಡೆ ಕಿವಿ ಕೊಟ್ಟಾಗ ನಾನು ಬಾಯಿ ಮುಚ್ಕೊಂಡಿದ್ರೆ ಅವರು ನೀರಲ್ಲಿ ಮುಳುಗಿದ ಹಾಗೆ ಒದ್ದಾಡ್ತಾರೆ."

ಕೊನೆಗೆ ಸೌಂಡಿನವರು ಇವರ ದನಿಯನ್ನು ಪೂರಾ ಅಳಿಸುತ್ತಾರೆ. ಅವರ ಭಾಷೆಯಲ್ಲಿ ಅದಕ್ಕೆ ಕಸ ತೆಗೆಯುವುದು ಎಂದು ಹೆಸರು. "ಅಕ್ಕನ ಕಸ ತೆಗೆದಾಯ್ತಾ?" ಎಂದು ಪಕ್ಕದಲ್ಲೇ ಕೂಗುತ್ತಾರೆ. ಅಕ್ಕನಿಗೆ ಬೇಜಾರಿಲ್ಲವಂತೆ. ಕೇಳಿಸಿಕೊಂಡ ನಮಗೇ ಆಗುತ್ತದೆ.

ಹತ್ತೂವರೆಗೆ ಶೂಟಿಂಗ್ ಶುರುವಾಗುತ್ತದೆ. ಧಾರಾವಾಹಿಯ ಹಿರಿತಲೆ, ಊರೆಲ್ಲ ದೊಡ್ಡಣ್ಣ ಎಂದೇ ಕರೆಯುವ ನಟ, ಕಾರಿಡಾರಿನಲ್ಲಿ ಬಂದು ನಿಲ್ಲುತ್ತಾರೆ. ಬಾಯಿಪಾಠಕ್ಕೂ ತಮಗೂ ಶಾಲೆಯಲ್ಲೇ ಲೆಕ್ಕ ಚುಕ್ತಾ ಆಯಿತು ಅನ್ನುವ ಮನುಷ್ಯ. ಪಿಸಕ್ಕ ಹೇಳುತ್ತಾರೆ, ದೊಡ್ಡಣ್ಣ ಹೇಳುತ್ತಾರೆ. ಮತ್ತೊಂದು ಸಾಲು, ಇನ್ನೊಂದು ಸಾಲು. ದೃಶ್ಯದ ಕೊನೆಗೆ ಬಂದಾಗ ಮಾತ್ರ ಪಿಸಕ್ಕ ಹಾಳೆಯನ್ನು ಮಡಿಲಿಗಿಳಿಸಿ ಬಾಯಿ ಮುಚ್ಚಿಕೊಳ್ಳುತ್ತಾರೆ. ದೊಡ್ಡಣ್ಣ ಯಾರ ಸಹಾಯವೂ ಇಲ್ಲದೆ, ಕತ್ತು ಓರೆ ಮಾಡಿ, ನಾಡೆಲ್ಲ ಬಲ್ಲ ಆ ಮಾತು ಹೇಳುತ್ತಾರೆ: "ನೀನು ನಡಿ, ನಾನು ಹಿಂದೇನೇ ಬರ್ತೀನಿ."

ಇಷ್ಟು ವರ್ಷಗಳಲ್ಲಿ ಆ ನಟನ ತಲೆಯಲ್ಲಿ ನಿಂತ ಮಾತು ಇದೊಂದೇ. ಇದು ಪಿಸಕ್ಕನ ಮನೆಯಿಂದ ಹೋದದ್ದು.

ಪಿಸಕ್ಕನ ಯಜಮಾನರದ್ದು ಬೀಗ ರಿಪೇರಿಯ ಕೆಲಸ. ಎರಡು ರಸ್ತೆ ಸೇರುವ ಮೂಲೆಯಲ್ಲಿ, ಮೆಟ್ಟಿಲ ಕೆಳಗಿನ ಒಂದು ಗೂಡೇ ಅವರ ಅಂಗಡಿ. ಅವರು ಕೀಲಿ ಉಜ್ಜುತ್ತಿದ್ದರೆ ಹೆಂಡತಿ ಎದುರಿಗೆ ಕೂತು ಪೇಪರು ಓದಿ ಹೇಳುವುದು ಅಭ್ಯಾಸ. ಒಂದು ದಿನ ಸ್ಟುಡಿಯೋದಲ್ಲಿ ಬಟ್ಟೆ ಕೋಣೆಯ ಬೀಗ ಕಚ್ಚಿಕೊಂಡು ಮದುವೆ ದೃಶ್ಯದ ಉಡುಪೆಲ್ಲ ಒಳಗೇ ಉಳಿದು, ಯಜಮಾನರಿಗೆ ಕರೆ ಬಂತು. ಬೀಗ ತೆಗೆಯುವಾಗ ಅಲ್ಲಿ ಇನ್ನೊಂದು ಗೋಳು ನಡೆಯುತ್ತಿತ್ತು. ಮಾತು ಹೇಳಿಕೊಡುವವನಿಗೆ ಗಂಟಲು ಕಟ್ಟಿತ್ತು. "ನನ್ನ ಹೆಂಡತಿ ಓದೋದು ಒಂದ್ಸಲ ಕೇಳಿ" ಅಂದರಂತೆ ಯಜಮಾನರು, ಬೀಗದಿಂದ ಕಣ್ಣೆತ್ತದೆ. ಹಾಗೆ ಸಿಕ್ಕ ಕೆಲಸ ಇದು. ಮಗುವಿಲ್ಲದ ಮನೆ, ಇಬ್ಬರೂ ದುಡಿಯುವವರು, ಕೊರತೆ ಏನೂ ಇರಲಿಲ್ಲ.

ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಡುವುದು. ಊರಿನ ಬೀಗಗಳ ಹಣೆಬರಹ ಬಲ್ಲ ಮನುಷ್ಯನಿಗೆ ತನ್ನ ಮನೆಯ ಬೀಗದ ಮೇಲೆ ಮಾತ್ರ ನಂಬಿಕೆ ಇರಲಿಲ್ಲ. ಹಾಕಿ ಎಳೆದು ನೋಡುವುದು, ನಾಲ್ಕು ಹೆಜ್ಜೆ ಬಂದು ಮತ್ತೆ ಹೋಗಿ ಎಳೆಯುವುದು. ಹೆಂಡತಿಗೆ ಬಸ್ಸು ತಪ್ಪಬಾರದಲ್ಲ, ಅದಕ್ಕೇ ಕೂಗಿ ಹೇಳುವರು: "ನೀನು ನಡಿ, ನಾನು ಹಿಂದೇನೇ ಬರ್ತೀನಿ." ಬಸ್ಸು ಹೊರಡುವ ಹೊತ್ತಿಗೆ ಏದುಸಿರು ಬಿಡುತ್ತಾ ಬಂದೂ ಬಿಡುವರು.

ಎರಡು ವರ್ಷದ ಹಿಂದೆ ಒಂದು ಸಂಜೆ, ಕೀಲಿಯನ್ನು ಇಕ್ಕಳದಲ್ಲಿ ಕಚ್ಚಿಸಿದ ಹಾಗೇ ಯಜಮಾನರು ಒಂದು ಮಗ್ಗುಲಿಗೆ ವಾಲಿದರು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು ಅಂದುಕೊಂಡರು. "ಊರ ಬೀಗ ತೆಗೆದವರ ಬಾಯಿಗೇ ಬೀಗ ಬಿತ್ತು" ಎಂದು ಬೀದಿಯವರು ಆಡಿಕೊಂಡರು. ಈ ಮಾತು ಹೇಳುವಾಗ ಪಿಸಕ್ಕನ ಮುಖ ಈಗಲೂ ಗಂಟಾಗುತ್ತದೆ.

ಆದರೆ ಪೂರ್ತಿ ಹೋಗಿರಲಿಲ್ಲ. ಆಸ್ಪತ್ರೆಯ ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಹಾಲಿಗೆಂದು ಹೊರಟ ಹೆಂಡತಿಯ ಬೆನ್ನ ಹಿಂದೆ ಒಂದು ದನಿ ಬಂತು. ನೀನು ನಡಿ, ನಾನು ಹಿಂದೇನೇ ಬರ್ತೀನಿ. ಒಂದಕ್ಷರ ತೊದಲಿಲ್ಲ. ಪಿಸಕ್ಕ ಲೋಟ ಅಲ್ಲೇ ಇಟ್ಟು ಅತ್ತುಬಿಟ್ಟರು. ಎಲ್ಲ ಮಾತೂ ಬಂತು ಅಂದುಕೊಂಡರು. ಬಂದದ್ದು ಅದೊಂದೇ. ಹೀಗಾಗುವುದುಂಟು, ಬಹಳ ರೂಢಿಯಾದ ಒಂದು ಮಾತು ಮಾತ್ರ ಉಳಿದುಬಿಡುತ್ತದೆ ಎಂದು ಡಾಕ್ಟರು ವಿವರಿಸಿದರು.

"ಆ ಒಂದರಲ್ಲೇ ನಮ್ಮ ಸಂಸಾರ ನಡೀತಿತ್ತು" ಅನ್ನುತ್ತಾರೆ ಪಿಸಕ್ಕ. "ನೀರು ಬೇಕಾದ್ರೆ ಒಂಥರಾ ಹೇಳೋರು, ಬೆನ್ನು ಕೆರೀಬೇಕಾದ್ರೆ ಇನ್ನೊಂಥರಾ. ಸಿಟ್ಟು ಬಂದಾಗ ಅದೇ ಮಾತಲ್ಲಿ ಎಂಥಾ ಬೈಗುಳ ಬೈತಿದ್ರು ಅಂತೀರಾ, ನೀವು ಕೇಳ್ಬೇಕಿತ್ತು! ನಾದಿನಿ ಜೊತೆ ವಾದ ಮಾಡಿ ಗೆದ್ದಿದ್ದಾರೆ. ಬೆಳಿಗ್ಗೆ ನಾನು ಹೊರಡೋವಾಗ ಮಾತ್ರ ಅದನ್ನ ಅದರ ಅರ್ಥದಲ್ಲೇ ಹೇಳೋರು."

ಯಜಮಾನರ ತಂಗಿ, ಅಂದರೆ ಈ ನಾದಿನಿ, ಹಗಲು ಹೊತ್ತು ಅಣ್ಣನ ಜೊತೆ ಇರುತ್ತಾರೆ. ಮನೆಯಲ್ಲೇ ಕೂತು ಬಟ್ಟೆಗೆ ಗುಂಡಿ ಹಾಕುವ ಕೆಲಸ ಅವರದು. ಮಧ್ಯಾಹ್ನ ಅಣ್ಣ ತಂಗಿ ಇಬ್ಬರೂ ಆ ಧಾರಾವಾಹಿ ನೋಡುವುದು ಕಡ್ಡಾಯ. ಪರದೆಯ ಮೇಲೆ ಯಾರು ಮಾತಾಡಿದರೂ ಯಜಮಾನರು ಎಡಗೈ ಎತ್ತಿ ಹೊರಬಾಗಿಲಿನ ಕಡೆ ತೋರಿಸುತ್ತಿದ್ದರಂತೆ. ಹೊರಗೆ ಹೋದವಳು ಹೇಳಿಕೊಟ್ಟದ್ದು ಇದು ಎಂದು.

ಅಷ್ಟರಲ್ಲಿ ಬರೆಯುವವರ ಮುಷ್ಕರ ಬಂತು.

ಟಿವಿಗೆ ಬರೆಯುವವರೆಲ್ಲ ಒಂದೇ ದಿನ ಪೆನ್ನು ಕೆಳಗಿಟ್ಟರು. ಅವರ ತಕರಾರು ನ್ಯಾಯದ್ದೇ. ಬರೆದ ಕಂತು ಫೋನಿನಲ್ಲಿ ಎಷ್ಟು ಸಲ ಓಡಿದರೂ ಬರೆದವನಿಗೆ ಏನೂ ಇಲ್ಲ, ಪರದೆಯ ಮೇಲೆ ಹೆಸರು ಬಂದರೆ ಇರುವೆ ಹರಿದ ಹಾಗೆ ಬಂದು ಹೋಗುತ್ತದೆ, ರಾತ್ರಿ ಒಂದು ಧಾರಾವಾಹಿ ಬರೆದು ಬೆಳಿಗ್ಗೆ ಇನ್ನೊಂದು ಬರೆಯಬೇಕು. ವಾಹಿನಿಯವರು ಕಿವಿಗೆ ಹತ್ತಿ ಇಟ್ಟುಕೊಂಡರು. ರಾತ್ರಿಯ ನಗೆ ಕಾರ್ಯಕ್ರಮ ಆ ಸಂಜೆಯೇ ನಿಂತಿತು. ವಾರದ ಕತೆಗಳು ತಿಂಗಳೊಪ್ಪತ್ತು ಉಸಿರು ಹಿಡಿದವು, ಅವಕ್ಕೆ ಮುಂಚೆಯೇ ಬರೆದಿಟ್ಟ ದಾಸ್ತಾನಿತ್ತು. ದಿನದ ಧಾರಾವಾಹಿಗೆ ಎಂಥ ದಾಸ್ತಾನು? ಅಂದು ದುಡಿದು ಅಂದು ಉಣ್ಣುವ ಮನೆ ಅದು. ಮರುದಿನವೇ ಹಾಳೆ ಖಾಲಿಯಾಯಿತು.

ಆಮೇಲಿನ ಪಾಡು ನೋಡಿದವರು ನಗಬೇಕೋ ಅಳಬೇಕೋ. ಮೊದಲು ಎಲ್ಲ ಪಾತ್ರಗಳಿಗೂ ಹಳೆಯದು ನೆನಪಾಗತೊಡಗಿತು. ಹಳೆಯ ಕಂತಿನ ತುಂಡು ತಂದು ಅಂಟಿಸಿದರೆ ಅರ್ಧ ಕಂತು ಸಾಗುತ್ತದಲ್ಲ! ನೆನಪು ತೀರಿದ ಮೇಲೆ ನಡಿಗೆ. ಅತ್ತಿಗೆ ಮಹಡಿ ಹತ್ತುತ್ತಾಳೆ, ಇಳಿಯುತ್ತಾಳೆ, ಹಿನ್ನೆಲೆಯಲ್ಲಿ ಪಿಟೀಲು. ನಡಿಗೆಯೂ ತೀರಿದ ಮೇಲೆ ಬರೀ ನೋಟ. ಉಳಿದ ಧಾರಾವಾಹಿಗಳ ಸೆಟ್ಟುಗಳು ಒಂದೊಂದಾಗಿ ಬಾಗಿಲು ಹಾಕಿ, ಅವು ಬರುತ್ತಿದ್ದ ಹೊತ್ತಿಗೆಲ್ಲ ಹಳೆಯ ಧಾರಾವಾಹಿಗಳ ಮರುಪ್ರಸಾರ ಬಂತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವಂತೆ, ವಾಹಿನಿಗೂ ಬರೆಯುವವರಿಗೂ ಜಗ್ಗಾಟ, ಕೆಲಸ ಹೋದದ್ದು ದಿನಗೂಲಿಯವರಿಗೆ. ಲೈಟಿನವರು ತಮ್ಮ ಪೆಟ್ಟಿಗೆಗಳ ಮೇಲೇ ಕೂತು ಕಾದರು, ಕಾದು ಎದ್ದು ಹೋದರು. ಇಸ್ತ್ರಿ ಮಾಡುವವಳು ತವರಿಗೆ ಹೋದವಳು ಇಂದಿಗೂ ಬಂದಿಲ್ಲ. ಮಾತೇ ಇಲ್ಲದ ಕಡೆ ಮಾತು ಹೇಳಿಕೊಡುವವರಿಗೆ ಏನು ಕೆಲಸ? ಆದರೂ ಪಿಸಕ್ಕನನ್ನು ಬಿಡಲಿಲ್ಲ. ಆ ಡಬ್ಬದ ಮೇಲೆ ಪಿಸಕ್ಕ ಕಾಣದಿದ್ದರೆ ದೊಡ್ಡಣ್ಣನಿಗೆ ಕೈಕಾಲೇ ಆಡುತ್ತಿರಲಿಲ್ಲ. ಬೆದರುಬೊಂಬೆಯ ಹಾಗೆ ಸುಮ್ಮನೆ ಕೂರಿಸಿದ್ದರು.

ಗೇಟಿನಾಚೆ ಫಲಕ ಹಿಡಿದು ಕೂತವರಲ್ಲಿ ಈ ಧಾರಾವಾಹಿಯ ಸಂಭಾಷಣೆಕಾರರೂ ಇದ್ದರು. ಪಿಸಕ್ಕ ಅವರ ಸಂಘದವರಲ್ಲ, ಒಳಗೆ ಹೋದರೆ ತಪ್ಪೇನಿರಲಿಲ್ಲ. "ಹೋಗಿ ಅಕ್ಕ, ನಿಮಗೂ ಮನೆ ಇದೆ" ಎಂದು ಅವರೇ ದಾರಿ ಬಿಡುತ್ತಿದ್ದರು.

ಆ ದಿನ ಇದೇ ಕಾರಿಡಾರು, ಇದೇ ಕೆಂಪು ದೀಪ. ದೊಡ್ಡಣ್ಣನ ಹೆಂಡತಿಯನ್ನು ಆಪರೇಷನ್ನಿಗೆ ತಳ್ಳಿಕೊಂಡು ಹೋಗುತ್ತಾರೆ, ದೊಡ್ಡಣ್ಣ ನೋಡುತ್ತಾ ನಿಲ್ಲಬೇಕು. ಮಾತಿಲ್ಲ, ನೋಡಿದರೆ ಸಾಕು ಎಂದು ಡೈರೆಕ್ಟರು ಹತ್ತು ಸಲ ಹೇಳಿದ್ದರು. ಗಾಲಿಮಂಚ ಮುಂದಕ್ಕೆ ಹೋಯಿತು. ದೊಡ್ಡಣ್ಣ ನೋಡಿದರು. ನೋಡಿದವರು ಅಭ್ಯಾಸಬಲದಿಂದ ಪಿಸಕ್ಕನ ಕಡೆ ಕಿವಿ ವಾಲಿಸಿದರು. ಕ್ಯಾಮೆರಾ ಓಡುತ್ತಿತ್ತು. ಮಡಿಲಲ್ಲಿ ಬಿಳಿ ಹಾಳೆ. ದೊಡ್ಡಣ್ಣನ ತುಟಿ ಅಲ್ಲಾಡಿತು, ಕಣ್ಣಲ್ಲಿ ಗಾಬರಿ ಬಂತು, ಖಾಲಿ ಬೆಳೆಯುತ್ತಾ ಹೋಯಿತು. ಖಾಲಿ ಬಿಡಬಾರದು ಅನ್ನುವುದನ್ನು ಬಿಟ್ಟು ಬೇರೆ ಕಾನೂನು ತಿಳಿಯದ ಪಿಸಕ್ಕನ ನಾಲಿಗೆ ತುದಿಗೆ, ಅಂದು ಬೆಳಿಗ್ಗೆ ಮನೆಯ ಬಾಗಿಲಲ್ಲಿ ಕೇಳಿ ಬಂದದ್ದು ತಾನಾಗಿ ಬಂದುಬಿಟ್ಟಿತು.

"ನೀನು ನಡಿ, ನಾನು ಹಿಂದೇನೇ ಬರ್ತೀನಿ" ಎಂದು ಪಿಸುಗುಟ್ಟಿದರು.

ದೊಡ್ಡಣ್ಣ ಅದನ್ನು ಹೇಳಿದರು. ಹೇಗೆ ಹೇಳಿದರೆಂದರೆ, ಡೈರೆಕ್ಟರು ಕಟ್ ಅನ್ನುವುದನ್ನೇ ಮರೆತರು, ಮೇಕಪ್ಪಿನವಳು ಸೆರಗು ಕಚ್ಚಿಕೊಂಡು ಅತ್ತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮಾತಿಗೆ ಬರಗಾಲ ಬಿದ್ದ ಟಿವಿಯಲ್ಲಿ ಆ ಒಂದು ಸಾಲು ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಜಾಹೀರಾತಿನ ನಡುವೆ ಅದೇ, ಫೋನಿನಲ್ಲಿ ಅದೇ, ಲಾರಿಗಳ ಬೆನ್ನ ಮೇಲೆ ಅದೇ. ತರಕಾರಿ ಅಂಗಡಿಯಲ್ಲಿ ಚೀಲ ಹಿಡಿದ ಗಂಡಸರು ಹೆಂಡತಿಯರಿಗೆ ಹೇಳಿ ನಗಿಸಿದರು. ಬಸ್ಸಿನಲ್ಲಿ ಶಾಲೆಯ ಹುಡುಗಿಯರು ಒಬ್ಬರಿಗೊಬ್ಬರು ಹೇಳಿ ಕಿಸಕ್ಕನೆ ನಗುವಾಗ ಹಿಂದಿನ ಸೀಟಿನಲ್ಲೇ ಪಿಸಕ್ಕ ಕೂತಿದ್ದರು.

"ಸುಳ್ಳು ಯಾಕೆ ಹೇಳ್ಲಿ, ಖುಷಿಯಾಯ್ತು" ಅನ್ನುತ್ತಾರೆ. "ಇಷ್ಟು ವರ್ಷ ನನ್ನ ದನಿ ಕಸ ಅಂತ ಗುಡಿಸ್ತಿದ್ರು. ಇದೊಂದನ್ನ ಗುಡಿಸೋಕೆ ಆಗ್ಲಿಲ್ವಲ್ಲ ಅಂತ. ಮನೆಗೆ ಬಂದು ಅವರಿಗೂ ಹೇಳ್ದೆ, ನೋಡ್ರೀ, ನಿಮ್ಮ ಮಾತು ದೇಶ ಸುತ್ತುತ್ತಿದೆ ಅಂತ. ಅವರು ನಗ್ಲಿಲ್ಲ. ನಾನು ಗಮನಿಸ್ಲಿಲ್ಲ. ಅಷ್ಟು ಹಿಗ್ಗಿದ್ದೆ ನಾನು."

ಮುಂದಿನದ್ದನ್ನು ಹೇಳಬೇಕಾದವರು ನಾದಿನಿ. ಗುಂಡಿ ಹಾಕುವ ಕೈ ನಿಲ್ಲಿಸದೆ ಹೇಳುತ್ತಾರೆ. ಒಂದು ಮಧ್ಯಾಹ್ನ ಮೇಲಿನ ಮನೆಯಾಕೆ ಪಾತ್ರೆ ವಾಪಸ್ ಕೊಡಲು ಬಂದಿದ್ದಳು. ಅಣ್ಣನಿಗೆ ದಿಂಬು ಜಾರಿತ್ತು. ಸರಿ ಮಾಡು ಅನ್ನುವುದಕ್ಕೆ ತಮ್ಮ ಮಾತು ಹೇಳಿದರು. ಆಕೆ ಚಪ್ಪಾಳೆ ತಟ್ಟಿ ನಕ್ಕಳು. "ಅಯ್ಯೋ, ನಿಮ್ಮಣ್ಣಂಗೂ ಸೀರಿಯಲ್ ಹುಚ್ಚು ಹಿಡೀತಾ! ಡೈಲಾಗ್ ಎಷ್ಟು ಚೆನ್ನಾಗಿ ಕಲ್ತಿದ್ದಾರೆ! ಎಲ್ಲಿ ಅಣ್ಣ, ಇನ್ನೊಂದ್ಸಲ ಹೇಳಿ" ಎಂದು ಫೋನು ಅವರ ಮುಖದ ಹತ್ತಿರ ಹಿಡಿದಳು.

"ಆಯಮ್ಮ ಕೆಟ್ಟವಳಲ್ಲ" ಅನ್ನುತ್ತಾರೆ ನಾದಿನಿ. "ಅವಳಿಗೇನು ಗೊತ್ತು? ಅಣ್ಣ ಅವಳನ್ನ ನೋಡಿದ, ಟಿವಿ ನೋಡಿದ, ಬಾಯಿ ಮುಚ್ಕೊಂಡ. ದಿಂಬು ಹಾಗೇ ಜಾರಿಕೊಂಡಿತ್ತು, ಆಮೇಲೂ ಕೇಳ್ಲಿಲ್ಲ."

ಅಂದು ಮುಚ್ಚಿದ ಬಾಯಿ.

ಆ ಸಂಜೆ ಪಿಸಕ್ಕನಿಗೆ ಜ್ವರವಿರಬಹುದು ಅನ್ನಿಸಿತು. ಮರುದಿನ ಸಿಟ್ಟಿರಬಹುದು ಅನ್ನಿಸಿತು. ಮೂರನೆಯ ದಿನ ಮಂಚದ ಪಕ್ಕ ಕೂತು, ತಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹೂಡಿದರು. "ನೀನು ನಡಿ..." ಎಂದು ಮೆಲ್ಲಗೆ ಹೇಳಿಕೊಟ್ಟರು, ಉಪ್ಪು ಖಾರ ಇಲ್ಲದೆ, ಸೆಟ್ಟಿನಲ್ಲಿ ಹೇಳುವ ಹಾಗೆ. ಯಜಮಾನರು ಕಷ್ಟಪಟ್ಟು, ಎಡಗೈಯಿಂದ ಮಂಚದ ಅಂಚು ಹಿಡಿದುಕೊಂಡು, ಗೋಡೆಯ ಕಡೆ ಹೊರಳಿದರು. ಪಿಸಕ್ಕ ಜೀವನದಲ್ಲಿ ಅಷ್ಟು ಅವಮಾನ ಪಟ್ಟಿದ್ದಿಲ್ಲ.

ಮಾತಿನ ಚಿಕಿತ್ಸೆ ಮಾಡುವ ಡಾಕ್ಟರು, ಮಾತು ಮತ್ತೆ ಬರಬಹುದು, ಬರದೆಯೂ ಇರಬಹುದು, ಒತ್ತಾಯ ಮಾತ್ರ ಬೇಡ ಅಂದಿದ್ದಾರೆ. ಅತ್ತ ಡೈರೆಕ್ಟರಿಗೆ ರುಚಿ ಹತ್ತಿತ್ತು. "ಇನ್ನೊಂದೆರಡು ಮಾತು ಕೊಡಿ ಅಕ್ಕ. ಮನೇಲಿ ಗಂಡ ಹೆಂಡ್ತಿ ಇನ್ನೂ ಏನೇನು ಮಾತಾಡ್ಕೋತೀರಿ?" ಎಂದು ದುಂಬಾಲು ಬಿದ್ದರು.

"ಇದ್ದಿದ್ದೊಂದೇ ಸಾರ್" ಅಂದರು ಪಿಸಕ್ಕ. "ಅದನ್ನೂ ಕೊಟ್ಟಾಯ್ತು."

ಅಂದೇ ಹೊರಗೆ ಬಂದು, ಗೇಟಿನ ಬಳಿ ಕೂತಿದ್ದ ಸಂಭಾಷಣೆಕಾರರ ಎದುರು ನಿಂತು, ಆ ಮಾತು ಹೇಳಿಕೊಟ್ಟವಳು ನಾನೇ ಎಂದು ಒಪ್ಪಿಕೊಂಡರು. ಕದ್ದು ಬರೆದುಕೊಟ್ಟವನು ಯಾರೆಂದು ಬರೆಯುವವರು ಒಬ್ಬರನ್ನೊಬ್ಬರು ಅನುಮಾನಿಸಿ ಕಚ್ಚಾಡುತ್ತಿದ್ದ ದಿನಗಳವು. ಸಂಭಾಷಣೆಕಾರರು ಫಲಕವನ್ನು ಪಕ್ಕಕ್ಕಿಟ್ಟು, "ನೀವು ಬೇಕು ಅಂತ ಮಾಡ್ಲಿಲ್ಲ ಅಕ್ಕ. ಆದ್ರೆ ನೋಡಿ, ಬರೆಯೋರಿಲ್ಲದೆ ಎಷ್ಟು ಚೆನ್ನಾಗಿ ನಡೀತಿದೆ ಅಂತ ವಾಹಿನಿಯವರು ಮಾತುಕತೆಗೇ ಬರ್ತಿಲ್ಲ" ಅಂದರು. ಬೈದಿದ್ದರೆ ವಾಸಿಯಿತ್ತು ಅನ್ನುತ್ತಾರೆ ಪಿಸಕ್ಕ. ಮುಷ್ಕರ ಮುಗಿಯುವವರೆಗೆ ಅವರು ಸ್ಟುಡಿಯೋ ಕಡೆ ತಲೆ ಹಾಕಲಿಲ್ಲ, ನಾದಿನಿಯ ಜೊತೆ ಕೂತು ಗುಂಡಿ ಹಾಕಿದರು.

ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ. ಮುಷ್ಕರವೇನೋ ಅರ್ಧ ಗೆಲುವಿನಲ್ಲಿ ಮುಗಿದು ಬರೆಯುವವರು ಮರಳಿ ಬಂದರು. ಆ ಹೊತ್ತಿಗೆ ಮುಚ್ಚಿದ ಕೆಲವು ಧಾರಾವಾಹಿಗಳು ಮತ್ತೆ ತೆರೆಯಲಿಲ್ಲ, ಅವುಗಳ ಜನ ಎಲ್ಲಿ ಚದುರಿದರೋ ಯಾರಿಗೂ ಗೊತ್ತಿಲ್ಲ. ಇಲ್ಲಿ ಮಾತ್ರ ವಾಹಿನಿಯ ಕಟ್ಟಪ್ಪಣೆ: ಪ್ರತಿ ಕಂತಿನಲ್ಲೂ ದೊಡ್ಡಣ್ಣ ಆ ಮಾತು ಹೇಳಲೇಬೇಕು. ಕತೆಗೆ ಹೊಂದಲಿ, ಬಿಡಲಿ. ಸಂಭಾಷಣೆಕಾರರಿಗೆ ಈಗ ಪಿಸಕ್ಕನ ಮನೆಯ ವಿಷಯ ಗೊತ್ತು. ಆ ಮಾತು ನಿಲ್ಲಲೆಂದು, ದೊಡ್ಡಣ್ಣನನ್ನು ತೀರ್ಥಯಾತ್ರೆಗೋ ಜೈಲಿಗೋ ಕಳಿಸೋಣ ಎಂದು ಎರಡು ಸಲ ಬರೆದರು. ವಾಹಿನಿ ಎರಡು ಸಲವೂ ಹೊಡೆದುಹಾಕಿತು.

ಆ ಮಾತಿಗೆ ನಿಮ್ಮ ಹೆಸರು ಹಾಕಲಿ ಅನ್ನಿಸುವುದಿಲ್ಲವೇ ಎಂದರೆ ಪಿಸಕ್ಕನಿಗೆ ಕಸಿವಿಸಿಯಾಗುತ್ತದೆ. "ನನ್ನ ಹೆಸರು ಯಾಕೆ? ಅದು ನನ್ನ ಮಾತಾ? ಹಳೇದಾಗ್ಲಿ ಅಂತ ಕಾಯ್ತಿದ್ದೀನಿ. ಸೀರಿಯಲ್ ಮಾತು ತಾನೇ, ಜನ ಎಷ್ಟು ದಿನ ಹೇಳ್ತಾರೆ? ಎಲ್ಲರೂ ಆಡಿ, ಸಾಕಾಗಿ, ಬಿಸಾಕಿದ ಮೇಲೆ ಅದು ನಮ್ಮ ಮನೆಗೆ ವಾಪಸ್ ಬಂದ್ರೆ ಸಾಕು."

ಬೆಳಿಗ್ಗೆ ಹೊರಡುವಾಗ ಪಿಸಕ್ಕ ಚಪ್ಪಲಿ ಮೆಟ್ಟಿಕೊಂಡು ಹೊಸಿಲಲ್ಲಿ ನಿಲ್ಲುತ್ತಾರೆ. ಮಂಚದ ಕಡೆ ಪೂರ್ತಿ ತಿರುಗುವುದಿಲ್ಲ, ಬಾಗಿಲ ಚಿಲಕ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಎದುರಿನವರು ತಡವರಿಸಿದರೆ ಅವರ ನಾಲಿಗೆ ತಾನಾಗಿ ಮುಂದೆ ಬರುತ್ತದೆ, ಹೊಟ್ಟೆಪಾಡಿಗೆ ಕಲಿತ ಚಾಳಿ. ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಖಾಲಿಯನ್ನು ಖಾಲಿಯಾಗಿಯೇ ಬಿಟ್ಟು ಕಾಯುತ್ತಾರೆ.

"ಹೋದ ತಿಂಗಳು ಒಂದಿನ ಬಾಯಿ ತೆರೆದ್ರು" ಅನ್ನುತ್ತಾರೆ. "ನಾನು ಕಣ್ಣಾರೆ ನೋಡ್ದೆ, ತುಟಿ 'ನೀ' ಅನ್ನೋ ಹಾಗೆ ಆಯ್ತು. ಅಷ್ಟರಲ್ಲಿ ಪಕ್ಕದ ಮನೇಲಿ ಬೆಳಗಿನ ಮರುಪ್ರಸಾರ ಹಾಕಿದ್ರು. ಇವರಿಗಿಂತ ಮೊದ್ಲು ದೊಡ್ಡಣ್ಣ ಹೇಳಿಬಿಟ್ರು. ಮುಚ್ಕೊಂಡ್ರು."

ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತಾರೆ. ಹೊರಗೆ ಲೈಟಿನವರ ವ್ಯಾನು ಬಂದ ಸದ್ದು.

"ಅದಕ್ಕೇ ಈಗ ಇಷ್ಟು ಬೇಗ ಹೊರಡೋದು. ಆ ಹೊತ್ತಿಗೆ ಯಾರ ಮನೇಲೂ ಟಿವಿ ಹಾಕಿರಲ್ಲ. ಅವರು ಹೇಳಿದ್ರೆ ನನಗೊಬ್ಬಳಿಗೇ ಕೇಳ್ಸುತ್ತೆ."